ವೀರಭದ್ರಾಚಾರ್ರು ಸುತ್ತಿದ ಸುರುಳಿ

ಒಂದು ಕಬ್ಬಿಣದ ಕಾರ್ಖಾನೆಯ ಊರು. ಅಲ್ಲಿನ ಕ್ವಾರ್ಟರ್ಸಿನ ಸಾಲುಮನೆಯಲ್ಲಿ ವೀರಭದ್ರಾಚಾರ್ ಅಂತ ಒಬ್ಬರಿದ್ದರು. ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ, ಮನೆಗೆ ಬಂದರೆ ರೇಡಿಯೋ ಕಟ್ಟುವ ಹುಚ್ಚು. ಹುಚ್ಚು ಅಂದರೆ ಸಾಮಾನ್ಯದ್ದಲ್ಲ. ಮನೆಯಲ್ಲಿ ಚೆನ್ನಾಗಿ ಹಾಡುತ್ತಿದ್ದ ಒಂದೇ ರೇಡಿಯೋವನ್ನು ಬಿಚ್ಚಿ, ಅದರ ಭಾಗಗಳನ್ನು ಡಬ್ಬಿಗೆ ತುಂಬಿಟ್ಟಿದ್ದರು. ಹಾಗಾಗಿ ಅವರ ಹೆಂಡತಿ ಅಂಬುಜಾಕ್ಷಿ ಹಾಡು ಕೇಳಬೇಕೆಂದರೆ ಎದುರು ಮನೆಗೆ ಹೋಗಬೇಕಿತ್ತು. ಹೋಗುತ್ತಿದ್ದರು. ಆಚಾರ್ರು ತಲೆ ಎತ್ತದೆ ತಂತಿ ಸುತ್ತುತ್ತಿದ್ದರು.

ಒಂದು ಚಳಿಗಾಲದಲ್ಲಿ ಅಂಬುಜಾಕ್ಷಿ ಜ್ವರ ಬಂದು ತೀರಿಹೋದರು. ಮಕ್ಕಳಿರಲಿಲ್ಲ.

ಸಾಲುಮನೆಯ ಜನ ಒಳ್ಳೆಯವರು. ಅನ್ನ ಸಾರು ತಂದುಕೊಟ್ಟರು, ಪಕ್ಕದಲ್ಲಿ ಕೂತು ಅತ್ತರು. ಆಚಾರ್ರಿಗೆ ಅದೇ ತಡೆಯಲಾಗಲಿಲ್ಲ. ಬೇರೆಯವರು ಅಳುವುದನ್ನು ನೋಡಿದರೆ ತಮ್ಮ ಅಳುವೂ ಹೊರಗೆ ಬಂದುಬಿಡುತ್ತದೆ ಎಂಬ ಹೆದರಿಕೆ ಅವರಿಗೆ. ಮೊದಮೊದಲು ಬಾಗಿಲನ್ನು ಅರ್ಧ ತೆರೆದು "ಆಯ್ತು, ಆಯ್ತು" ಅಂದು ಕಳಿಸಿದರು. ಆಮೇಲೆ ತಟ್ಟಿದರೂ ತೆರೆಯಲಿಲ್ಲ. ಜನ ತಾನೇ ಎಷ್ಟು ದಿನ ತಟ್ಟುತ್ತಾರೆ? ಕ್ರಮೇಣ ಸುಮ್ಮನಾದರು. ಆಚಾರ್ರು ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಂಡು ಬೆಳಿಗ್ಗೆಗೂ ರಾತ್ರಿಗೂ ಅದನ್ನೇ ಉಂಡರು. ರಜೆಯ ದಿನ ಅವರ ಬಾಯಿಂದ ಒಂದು ಮಾತೂ ಹೊರಡದೆ ಹೊತ್ತು ಮುಳುಗುತ್ತಿತ್ತು.

ಹೀಗಿರುವಾಗ ಎದುರು ಮನೆಯ ಚೆಲುವಮ್ಮ ಒಂದು ದಿನ ಕಿಟಕಿಯ ಹತ್ತಿರ ಬಂದು ನಿಂತರು.

"ಆಚಾರ್ರೆ, ಬಾಗ್ಲು ತೆಗೀಬೇಡಿ ಬಿಡಿ, ಇಲ್ಲಿಂದ್ಲೇ ಹೇಳ್ತೀನಿ. ಹೋದ್ ವರ್ಷ ನಾವು ಹೆಂಗಸ್ರೆಲ್ಲ ರೇಡಿಯೋ ಸ್ಟೇಷನ್‌ಗೆ ಹೋಗಿ ಸೋಬಾನೆ ಪದ ಹೇಳಿ ಬಂದಿದ್ವಲ್ಲ, ಅದನ್ನ ಈ ಶುಕ್ರವಾರ ಸಂಜೆ ಮತ್ತೆ ಹಾಕ್ತಾರಂತೆ. ಅಂಬುಜಕ್ಕನ ದನಿ ಐತೆ ಅದ್ರಲ್ಲಿ. ನಮ್ಮನೇಗೆ ಬನ್ನಿ."

"ನೋಡೋಣ" ಅಂದರು ಆಚಾರ್ರು, ಒಳಗಿನಿಂದಲೇ.

ಆ ಹಾಡು ಮೊದಲ ಸಲ ಬಂದಾಗ ಅವರು ಎರಡನೇ ಶಿಫ್ಟಿನಲ್ಲಿದ್ದರು. ಕೇಳಿರಲಿಲ್ಲ. ಈಗ ಯೋಚಿಸಿದರೆ, ಹೆಂಡತಿಯ ಫೋಟೋ ಇತ್ತು, ಸೀರೆಗಳಿದ್ದವು, ದನಿ ಮಾತ್ರ ಆ ಹಾಡು ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದನ್ನು ಕೇಳಲೇಬೇಕು. ಆದರೆ ಇನ್ನೊಬ್ಬರ ಮನೆಯಲ್ಲಿ, ನಾಲ್ಕು ಜನರ ನಡುವೆ ಕೂತು? ಸಾಧ್ಯವೇ ಇಲ್ಲ. ತಮ್ಮ ರೇಡಿಯೋ ತಾವೇ ಕಟ್ಟಿ, ಬಾಗಿಲು ಹಾಕಿಕೊಂಡು ಕೇಳುವುದೆಂದು ನಿಶ್ಚಯಿಸಿದರು.

ರೇಡಿಯೋದಲ್ಲಿ ಮುಖ್ಯವಾದದ್ದು ಸುರುಳಿ. ತಾಮ್ರದ ತಂತಿಯನ್ನು ಯಾವುದಾದರೊಂದು ತಿರುಳಿನ ಮೇಲೆ ಸುತ್ತಿದರೆ, ವಿದ್ಯುತ್ತು ಹರಿಯುವಾಗ ಅದಕ್ಕೆ ಕಾಂತಬಲ ಬರುತ್ತದೆ. ಆ ಶಕ್ತಿ ಎಷ್ಟೆಂದು ಹೇಳುವ ಅಳತೆಗೆ ಇಂಡಕ್ಟೆನ್ಸ್ ಎಂದು ಹೆಸರು. ಅಳತೆ ಸರಿಯಿದ್ದರೆ ಬೇಕಾದ ಸ್ಟೇಷನ್ನಿಗೆ ಹೊಂದಿಕೊಳ್ಳುತ್ತದೆ.

ಆಚಾರ್ರು ಬಳೆಯಂಥ ದುಂಡನೆಯ ತಿರುಳನ್ನೇ ಆರಿಸಿಕೊಂಡರು. ಕಾರಣವಿತ್ತು. ಬಳೆಯ ಮೇಲೆ ಸುತ್ತಿದ ಸುರುಳಿ ತನ್ನ ಕಾಂತಬಲವನ್ನು ತನ್ನೊಳಗೇ ತಿರುಗಿಸಿಕೊಳ್ಳುತ್ತದೆ. ಹೊರಗೆ ಬಿಡುವುದಿಲ್ಲ, ಕಾರ್ಖಾನೆಯ ಮೋಟರುಗಳ ಗೊರಗೊರ ಸದ್ದನ್ನೂ ಒಳಗೆ ಸೇರಿಸುವುದಿಲ್ಲ. ಈ ಗುಣ ಅವರಿಗೆ ಬಹಳ ಹಿಡಿಸಿತು. ಅಲೆಗಳನ್ನು ಹಿಡಿಯಲು ಹೊರಗೆ ಉದ್ದ ಏರಿಯಲ್ ತಂತಿ ಎಳೆಯಬಹುದಿತ್ತು. ಆದರೆ ಅದರ ಇನ್ನೊಂದು ತುದಿಯನ್ನು ಚೆಲುವಮ್ಮನ ಮನೆಯ ಸೂರಿಗೆ ಕಟ್ಟಬೇಕು, ಅದಕ್ಕೆ ಹೋಗಿ ಕೇಳಬೇಕು. ಸ್ಟೇಷನ್ನು ಊರ ಪಕ್ಕದಲ್ಲೇ ಇರುವಾಗ ತಂತಿಯಾದರೂ ಯಾಕೆ ಎಂದು ತಮಗೆ ತಾವೇ ಹೇಳಿಕೊಂಡರು.

ಮೊದಲು ಮರದ ಬಳೆ ಕಡೆದು ಅದರ ಮೇಲೆ ಸುತ್ತಿದರು. ಬೆರಳು ನೋಯುವಷ್ಟು ಸುತ್ತಿದರೂ ಇಂಡಕ್ಟೆನ್ಸ್ ಅಳೆಯುವ ಮೀಟರಿನ ಮುಳ್ಳು ಅಲ್ಲಾಡಿದ್ದು ಅಷ್ಟಕ್ಕಷ್ಟೆ. ಮರಕ್ಕೆ ಕಾಂತದ ಗೊಡವೆಯೇ ಇಲ್ಲ. ರೇಡಿಯೋ ಮೌನ.

ಕಬ್ಬಿಣದ ಊರಿನವರಿಗೆ ಕಬ್ಬಿಣದ ಮೇಲೆ ನಂಬಿಕೆ. ಲೇತಿನಲ್ಲಿ ಗಟ್ಟಿ ಕಬ್ಬಿಣದ ಬಳೆ ತಿರುವಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡಿ ಸುತ್ತಿದರು. ರೇಡಿಯೋದ ಅಲೆ ಕ್ಷಣಕ್ಕೆ ಲಕ್ಷಾಂತರ ಸಲ ಹಿಂದೆಮುಂದೆ ಆಡುವಂಥದ್ದು. ಗಟ್ಟಿ ಕಬ್ಬಿಣ ಆ ಆಟಕ್ಕೆ ಒಗ್ಗುವುದಿಲ್ಲ, ಬಂದ ಶಕ್ತಿಯನ್ನು ತಾನೇ ತಿಂದು ಸುಮ್ಮನೆ ಬೆಚ್ಚಗಾಗುತ್ತದೆ. ಮತ್ತೆ ಮೌನ. ಆಚಾರ್ರು ಕಬ್ಬಿಣದ ಪುಡಿಯನ್ನು ಅರಗಿನಲ್ಲಿ ಕಲಸಿ ಬಳೆ ಮಾಡಿ ನೋಡಿದರು. ಈ ಸಲ ನಷ್ಟ ಕಡಿಮೆಯಾಯಿತು, ಆದರೆ ಅಳತೆ ಸಾಲದೆ ಬಂತು. ರೇಡಿಯೋ ಮಾತ್ರ ಹಾಗೇ ಇತ್ತು. ಪ್ರತಿ ಸಲವೂ ಅವರು ತಿರುಳಿನ ಸರಕನ್ನು ಬೈದರು.

ಕೊನೆಗೆ ಗುಜರಿ ಅಂಗಡಿಯಲ್ಲಿ ಒಂದು ಫೆರೈಟ್ ಬಳೆ ಸಿಕ್ಕಿತು. ಗಡಿಗೆಯಂತೆ ಸುಟ್ಟು ಮಾಡಿದ ಕಪ್ಪು ವಸ್ತು. ಮರದ ಮೇಲೆ ಇಡೀ ಸಂಜೆ ಸುತ್ತಿ ಪಡೆದ ಬಲಕ್ಕಿಂತ ಎಷ್ಟೋ ಹೆಚ್ಚು ಬಲ ಇದರಲ್ಲಿ ಕೆಲವೇ ಸುತ್ತಿಗೆ ಬಂತು. ಶುಕ್ರವಾರ ರಜೆ ಹಾಕಿ ಕೂತು ಮುಗಿಸಿದರು. ಮೀಟರಿನ ಮುಳ್ಳು ಬೇಕಾದ ಜಾಗಕ್ಕೇ ಬಂದು ನಿಂತಿತು. ಹೆಂಡತಿ ಹೋದ ಮೇಲೆ ಅವರಿಗೆ ಸಂತೋಷ ಅನ್ನಿಸಿದ್ದು ಅದೇ ಮೊದಲು.

ಸಂಜೆಯಾಯಿತು. ಬಾಗಿಲಿಗೆ ಅಗುಳಿ ಹಾಕಿ, ಕಿಟಕಿ ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗುಂಡಿ ತಿರುಗಿಸಿದರು. ಶ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ಏನೂ ಇಲ್ಲ. ಬೆಸುಗೆ ಬಿಟ್ಟಿರಬಹುದೆಂದು ಇಯರ್‌ಫೋನ್ ತೆಗೆದು ಬಗ್ಗಿ ನೋಡುವಾಗ, ಮುಚ್ಚಿದ ಕಿಟಕಿಯ ಆಚೆಯಿಂದ ಹೆಂಗಸರು ಹಾಡುವುದು ತೆಳ್ಳಗೆ ಕೇಳಿಸಿತು. ಎದುರು ಮನೆಯ ರೇಡಿಯೋ.

ಆಗ ಅವರಿಗೆ ಹೊಳೆಯಿತು. ಹೊರಗಿನದು ಯಾವುದೂ ಬೇಡವೆಂದು ಆರಿಸಿ ಸುತ್ತಿದ ಸುರುಳಿ ಇದು. ಅವಳ ಹಾಡು ಬರಬೇಕಾಗಿದ್ದದ್ದೂ ಹೊರಗಿನಿಂದಲೇ ಅಲ್ಲವೇ?

ಕೈಯಲ್ಲಿ ಬೆಸುಗೆಯ ಕಡ್ಡಿ ಬಿಸಿಯಾಗಿತ್ತು. ಇನ್ನೊಂದು ಪ್ರಯತ್ನ ಮಾಡಬಹುದಿತ್ತು. ಮಾಡುವಷ್ಟರಲ್ಲಿ ಹಾಡು ಮುಗಿಯುತ್ತಿತ್ತು. ಆಚಾರ್ರು ಕಡ್ಡಿಯನ್ನು ಕೆಳಗಿಟ್ಟು, ಅಗುಳಿ ತೆಗೆದು, ಬರಿಗಾಲಲ್ಲೇ ರಸ್ತೆ ದಾಟಿದರು.

ಚೆಲುವಮ್ಮನ ನಡುಮನೆಯಲ್ಲಿ ಹೆಂಗಸರು ರೇಡಿಯೋ ಸುತ್ತ ಕೂತಿದ್ದರು. ಎಲ್ಲರೂ ಸರಿದು ಜಾಗ ಬಿಟ್ಟರು. ಆ ರೇಡಿಯೋದ ಹಿಂದಿನ ಮುಚ್ಚಳ ಕಿತ್ತುಹೋಗಿತ್ತು. ಒಳಗಿದ್ದದ್ದೂ ಅದೇ ಕಪ್ಪು ಫೆರೈಟ್. ಆದರೆ ಬಳೆಯಲ್ಲ, ನೆಟ್ಟಗಿನ ಕಡ್ಡಿ. ಎರಡು ತುದಿಯೂ ತೆರೆದಿತ್ತು.

ಹಾಡು ನಡೆಯುತ್ತಿತ್ತು. ಒಬ್ಬರು ಎತ್ತಿಕೊಡುತ್ತಿದ್ದರು, ಉಳಿದವರು ಒಟ್ಟಿಗೆ ಸೊಲ್ಲು ಹೇಳುತ್ತಿದ್ದರು. ಆಚಾರ್ರು ಕಣ್ಣು ಮುಚ್ಚಿ ಕೇಳಿದರು. ಎಷ್ಟು ಕೇಳಿದರೂ ಗೊತ್ತಾಗಲಿಲ್ಲ. ಅವರ ಮುಖ ಬಾಡಿತು.

"ಚೆಲುವಮ್ಮ," ಎಂದರು ಮೆಲ್ಲಗೆ, "ಇದರಲ್ಲಿ ಅವಳ ದನಿ ಯಾವುದು?"

ಯಾರೂ ನಗಲಿಲ್ಲ. "ಸೊಲ್ಲು ಮುಗಿಯೋ ಕಡೆ ಒಬ್ರು ಚೂರು ಹಿಂದೆ ಉಳ್ಕೊಂಡು ಎಳೀತಾರೆ ನೋಡಿ," ಅಂದರು ಚೆಲುವಮ್ಮ. "ಅಗೋ, ಅದೇ ನಮ್ಮ ಅಂಬುಜಕ್ಕ."

ಕೇಳಿಸಿತು. ಎಲ್ಲರೂ ನಿಲ್ಲಿಸಿದ ಮೇಲೂ ಒಂದು ದನಿ ಬಿಡಲು ಮನಸ್ಸಿಲ್ಲದಂತೆ ಉಳಿದುಕೊಂಡಿತು. ಒಂದೇ ಸಲ. ಅಷ್ಟಕ್ಕೆ ಹಾಡು ಮುಗಿಯಿತು, ರೇಡಿಯೋದವರು ಕೊಬ್ಬರಿ ಧಾರಣೆ ಓದತೊಡಗಿದರು.

"ಇಷ್ಟು ಚೆನ್ನಾಗಿ ಹಾಡ್ತಿದ್ಲಾ ಅವಳು? ಮನೇಲಿ ಯಾವತ್ತೂ ಹಾಡಿದ್ದಿಲ್ಲ."

ಚೆಲುವಮ್ಮ ರೇಡಿಯೋದ ಸದ್ದು ತಗ್ಗಿಸಿದರು. "ಇಲ್ಲಿ ಬಂದು ಹಾಡೋರು. ಮನೇಲಿ ಹಾಡಿದ್ರೆ ನಮ್ಮನೆಯೋರಿಗೆ ತಂತಿ ಸುತ್ತೋ ಲೆಕ್ಕ ತಪ್ತದೆ ಅನ್ನೋರು."

ಆಚಾರ್ರು ಎಲ್ಲರ ಎದುರಿಗೇ ಅತ್ತುಬಿಟ್ಟರು. ಇಷ್ಟು ತಿಂಗಳು ಯಾವುದಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದರೋ ಅದೇ ಆಯಿತು. ಆದರೆ ಅದರಿಂದ ಏನೂ ಕೆಡಲಿಲ್ಲ. ಒಬ್ಬರು ನೀರು ತಂದುಕೊಟ್ಟರು.

"ಒಂದೇ ಸಲ ಕೇಳಿಸಿತು" ಎಂದರು ಆಚಾರ್ರು.

"ಅದಕ್ಯಾಕೆ ಅಳ್ತೀರಿ, ಇರಿ," ಎಂದರು ಚೆಲುವಮ್ಮ, ರೇಡಿಯೋ ಆರಿಸಿ. "ಅವರು ಹೆಂಗೆ ಎಳೀತಿದ್ರು ಅಂತ ನಂಗೆ ಗೊತ್ತು."

ಅವರು ಸೊಲ್ಲನ್ನು ಎತ್ತಿಕೊಂಡರು. ಉಳಿದವರೂ ಸೇರಿದರು. ಕೊನೆಗೆ ಎಲ್ಲರೂ ನಿಲ್ಲಿಸಿದಾಗ ಚೆಲುವಮ್ಮ ಒಬ್ಬರೇ ಹಿಂದೆ ಉಳಿದು, ಅಂಬುಜಾಕ್ಷಿ ಎಳೆಯುತ್ತಿದ್ದ ಹಾಗೆಯೇ ಎಳೆದರು. ರಸ್ತೆಯ ಆಚೆ ಆಚಾರ್ರ ಮನೆಯ ಬಾಗಿಲು ತೆರೆದೇ ಇತ್ತು.

ನೀತಿ: ನೋವು ಒಳಗೆ ಬಾರದಿರಲಿ ಎಂದು ಬಾಗಿಲು ಹಾಕಿಕೊಂಡವರು ಪ್ರೀತಿಯನ್ನೂ ಹೊರಗೇ ನಿಲ್ಲಿಸುತ್ತಾರೆ. ಒಳಗಿನ ತಿರುಳು ಎಷ್ಟೇ ಒಳ್ಳೆಯದಿದ್ದರೂ ತನ್ನಲ್ಲೇ ಸುತ್ತುತ್ತಿದ್ದರೆ ಅದಕ್ಕೆ ಯಾರ ದನಿಯೂ ಕೇಳಿಸುವುದಿಲ್ಲ. ಜೊತೆಗಿರುವವರ ದನಿಯನ್ನು ಅವರು ಜೊತೆಗಿರುವಾಗಲೇ ತಲೆ ಎತ್ತಿ ಕೇಳಬೇಕು.