ಕುಸುಬಿ ಬುಗ್ಗೆ

ಕಡಗಲ್ಲೂರಿನ ಕೆಳಗಿನ ತಗ್ಗಿನಲ್ಲಿ, ಹಾಸುಹಾಸಾಗಿ ಮಲಗಿರುವ ಸುಣ್ಣಕಲ್ಲಿನ ಬುಡದಿಂದ, ಬೇಸಿಗೆಯಲ್ಲೂ ನಿಲ್ಲದ ಬುಗ್ಗೆಯೊಂದು ಹರಿಯುತ್ತದೆ. ನೀರು ತಳದ ಹರಳು ಕಾಣುವಷ್ಟು ತಿಳಿ. ಆದರೂ ಅದಕ್ಕೆ ಕೆಂಬಣ್ಣದ ಕುಸುಬಿ ಹೂವಿನ ಹೆಸರು. ದೇವಿಯ ಸೀರೆಯ ಬಣ್ಣ ನೀರಿಗಿಳಿದು ಈ ಹೆಸರು ಬಂತೆಂದು ಈಚೆಗೆ ಕೆಲವರು ಹೇಳತೊಡಗಿದ್ದಾರೆ. ಊರಿನ ಹಿರಿಯ ಹೆಂಗಸರನ್ನು ನಾನು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡಿದ್ದೇನೆ. ಒಬ್ಬರೂ ದೇವಿಯ ಸೀರೆಯ ಮಾತೆತ್ತಲಿಲ್ಲ. ಎಲ್ಲರ ಬಾಯಲ್ಲೂ ಬಂದದ್ದು ಜಟ್ಟೆಮ್ಮ ಎಂಬ ಸೊಸೆಯ ಹೆಸರು.

ಹಿಂದೆ ಒಮ್ಮೆ ಊರಿನ ಸಾಯಬಣ್ಣಗೌಡ ಮೇಲಿನ ಬಯಲಿನಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಅದೇ ವರ್ಷ ಜಟ್ಟೆಮ್ಮ ಅವನ ಮನೆಗೆ ಸೊಸೆಯಾಗಿ ಬಂದಳು ಎನ್ನುತ್ತಾರೆ. ಮಳೆಗೆ ಕೆರೆ ತುಂಬಿತು, ದೀಪಾವಳಿಯ ಹೊತ್ತಿಗೆ ಅರ್ಧಕ್ಕಿಳಿಯಿತು, ಸಂಕ್ರಾಂತಿಗೆ ತಳ ಕಂಡಿತು. ಮರುವರ್ಷವೂ ಹಾಗೆಯೇ ಇಳಿಯತೊಡಗಿತು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲಿನ ಬಿರುಕುಗಳನ್ನು ಯುಗಯುಗಗಳಿಂದ ಕರಗಿಸುತ್ತ ನೆಲದೊಳಗೆ ಸುರಂಗಗಳನ್ನೇ ಮಾಡಿಬಿಡುತ್ತದೆ. ಇದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದಿದ್ದುದು ತಪ್ಪಲ್ಲ. ಆದರೆ ಊರವರು ನೆಲವನ್ನು ನೋಡುವ ಬದಲು ಸೊಸೆಯ ಕಾಲನ್ನು ನೋಡಿದರು. ಅವಳ ಕಾಲ್ಗುಣ ಕೆಟ್ಟದ್ದು, ಅವಳನ್ನು ತವರಿಗೆ ಅಟ್ಟಬೇಕು, ಮಗನಿಗೆ ಬೇರೆ ಹೆಣ್ಣು ತರಬೇಕು ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ಜಟ್ಟೆಮ್ಮ ಚಾವಡಿಯ ಮೆಟ್ಟಿಲು ಹತ್ತಿ ನಿಂತಳಂತೆ. "ನನ್ನ ಕಾಲ್ಗುಣಕ್ಕ ಕೆರಿ ಬತ್ತತದಂದ್ರ, ತುಂಬಿದ್ದು ಯಾರ ಕಾಲ್ಗುಣಕ್ಕರೀ ಮಾವಾರ? ನೀರು ಎಲ್ಲಿ ಹೋಗ್ತದ ಮೊದಲು ಹುಡುಕ್ರಿ. ಅಷ್ಟೂ ಕುಡಿಲಿಕ್ಕೆ ನನ್ನ ಹೊಟ್ಟಿ ದೊಡ್ಡದಿಲ್ಲ."

ಬಟ್ಟೆ ಒಗೆಯುವಾಗ, ಕೆರೆಯ ಒಂದು ಮೂಲೆಯಲ್ಲಿ ತರಗೆಲೆಗಳು ಗಿರಗಿರ ತಿರುಗಿ ಮುಳುಗುವುದನ್ನು ಅವಳು ಕಂಡಿದ್ದಳು. ಬಣ್ಣ ಕಟ್ಟಲೆಂದು ಮನೆಯಲ್ಲಿ ಒಣಗಿಸಿಟ್ಟ ಕುಸುಬಿ ಎಸಳನ್ನೆಲ್ಲ ಬುಟ್ಟಿಗಳಲ್ಲಿ ತಂದು ಅದೇ ಸುಳಿಗೆ ಸುರಿದಳು. "ಪೂಜಿ ಮಾಡಿದ್ರ ಪಾಪ ಹೋಗ್ತದೇನು?" ಎಂದು ಗೌಡ ನಕ್ಕ. "ಪೂಜಿ ಅಲ್ರಿ, ಗುರುತು" ಎಂದಳು. ಮರುದಿನ ಬೆಳಿಗ್ಗೆ ಕೆಳಗಿನ ಕೇರಿಯ ದುರ್ಗವ್ವ ಕೊಡ ಹೊತ್ತು ಏರಿ ಬಂದಳು. ಆ ಕೇರಿಯವರಿಗೆ ಕೆರೆಗಿಳಿಯುವ ಅಪ್ಪಣೆ ಇರಲಿಲ್ಲ. ಬುಗ್ಗೆಯೇ ಅವರಿಗೆ ಗತಿ. "ನಮ್ಮ ಬುಗ್ಗ್ಯಾಗ ಯಾರು ಓಕುಳಿ ಆಡ್ಯಾರವ್ವಾ?" ಎಂದು ಕೇಳಿದಳು. ಕೊಡದ ತುಂಬ ಕೆಂಬಣ್ಣದ ನೀರು, ಅದರಲ್ಲಿ ತೇಲುವ ಎಸಳು.

ಕಾಲ್ಗುಣದ ಮಾತು ಅಲ್ಲಿಗೆ ನಿಂತಿತು. ಗೌಡ ಮಾತ್ರ, ಕೆರೆಯ ತಳ ಕಂಡ ಕೂಡಲೇ, ಸುಳಿಯ ಕೆಳಗೆ ನೀರು ನುಂಗುತ್ತಿದ್ದ ಬಾಯಿಯನ್ನು ಮುಚ್ಚಲು ಬಂಡಿಗಟ್ಟಲೆ ಕಲ್ಲು ತರಿಸಿದ. ಬಾಯಿ ಮುಚ್ಚಿದರೆ ಬುಗ್ಗೆ ಬತ್ತುತ್ತದೆಂದು ಅರಿತ ಜಟ್ಟೆಮ್ಮ ಹೋಗಿ ಅದರ ಅಂಚಿನಲ್ಲೇ ಕುಳಿತಳು. ದುರ್ಗವ್ವನೂ ಬಂದು ಪಕ್ಕದಲ್ಲಿ ಕುಳಿತಳು. "ಮನಿಯಾಗ ಇಟ್ಕೊಂಡಿದ್ದಕ್ಕ ಇಷ್ಟು ಸೊಕ್ಕೇನ?" ಎಂದು ಗೌಡ ಗದರಿದ. "ಇಟ್ಕೊಳ್ಳಾಕ ನಾ ನೆಲದಾಗಿನ ಹಗೇವಿಗೆ ತುಂಬಿದ ಜ್ವಾಳ ಏನ್ರಿ? ಮುಚ್ಚೂದಿದ್ರ ನಮ್ಮಿಬ್ಬರನ್ನೂ ಕೂಡಿ ಮುಚ್ರಿ." ಗೌಡ ಆಳುಗಳ ಕಡೆ ನೋಡಿದ. ಒಬ್ಬನೂ ಕಲ್ಲು ಎತ್ತಲಿಲ್ಲ. ಹೊತ್ತು ಮುಳುಗುವ ಮುಂಚೆ ಎತ್ತುಗಳ ಕೊರಳ ನೊಗ ಬಿಚ್ಚಿ, ಕಲ್ಲನ್ನು ಅಲ್ಲೇ ಕೆಡವಿ ಹೋದರು ಎನ್ನುತ್ತಾರೆ.

ಆ ಬಾಯಿ ಇಂದಿಗೂ ತೆರೆದೇ ಇದೆ. ನೀರಿಳಿದ ಕೆರೆಯಂಗಳದಲ್ಲಿ ಊರವರು ಹಿಂಗಾರಿ ಜೋಳ ಬೆಳೆಯುತ್ತಾರೆ. ಕೆಳಗೆ ಬುಗ್ಗೆಯ ಬಳಿ ಸಾಲಾಗಿ ಹಾಕಿರುವ ಒಗೆಯುವ ಕಲ್ಲುಗಳನ್ನು ಬಂದವರು ನೋಡಬಹುದು. ಬಾಯಿ ಮುಚ್ಚಲೆಂದು ಗೌಡ ತರಿಸಿದ್ದ, ಆಮೇಲೆ ಊರವರು ಕೆಳಗಿಳಿಸಿಕೊಂಡ ಕಲ್ಲುಗಳೇ ಅವು. ಮೇಲಿನ ಕೇರಿಯವರೂ ಕೆಳಗಿನ ಕೇರಿಯವರೂ ಅವುಗಳ ಮೇಲೆ ಬಟ್ಟೆ ಕುಕ್ಕುತ್ತಾರೆ.