ಕಾಲಿಪಾಳ ಮೊದಲ ಕುರುತ್

ಕಿರ್ಗಿಜ್ ಬೆಟ್ಟಗಳ ಬೇಸಿಗೆಯ ಹುಲ್ಲುಗಾವಲಿನಲ್ಲಿ ಬುರುಲ್ ಅವ್ವ ಎಂಬ ಮುದುಕಿಯಿದ್ದಳು. ಕುರುತ್ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಉಪ್ಪು ಬೆರೆಸಿ, ಮುಷ್ಟಿಯಲ್ಲಿ ಅಮುಕಿ ಉಂಡೆ ಮಾಡಿ, ಕಲ್ಲಿನಂತಾಗುವ ತನಕ ಬಿಸಿಲಿಗಿಡಬೇಕು. ಅದೇ ಕುರುತ್. ಮನೆಯನ್ನೇ ಕುದುರೆಯ ಮೇಲೆ ಹೇರಿಕೊಂಡು ತಿರುಗುವ ಜನ ಹಾಲನ್ನೂ ಜೇಬಿಗಿಳಿಸಿಕೊಂಡ ಈ ಉಪಾಯ ನೆನೆದಾಗಲೆಲ್ಲ ನನಗೆ ಬೆರಗು.

ಅವ್ವನ ಶಿಷ್ಯೆ ಕಾಲಿಪಾ. ಅವ್ವ ಉಪ್ಪಿನಲ್ಲಿ ಧಾರಾಳಿ, ಹೊಗಳಿಕೆಯಲ್ಲಿ ಜಿಪುಣಿ. ಕಾಲಿಪಾಳಿಗೆ ಬೇಕಾಗಿದ್ದುದು ಅದೊಂದೇ.

“ಅವ್ವ, ಚೆನ್ನಾಗಿದೆಯಾ?”

ಅವ್ವ ಉಂಡೆಯನ್ನು ಬಂಡೆಗೆ ತಟ್ಟಿ ಸದ್ದು ಕೇಳುವಳು. “ಇನ್ನೂ ಹಸಿ.”

ಬೇಸಿಗೆ ಮುಗಿಯುವ ಹೊತ್ತಿಗೆ ಉಂಡೆಗಳು ಟಣ್ ಎಂದವು. ಕಾಲಿಪಾ ತನ್ನ ಮೊದಲ ಚೀಲ ತುಂಬಿ ಅವ್ವನ ಮುಂದಿಟ್ಟಳು. ಪ್ರತಿ ಉಂಡೆಯ ಮೇಲೂ ಅವಳ ನಾಲ್ಕು ಬೆರಳಿನ ಗುರುತಿತ್ತು.

ಅವ್ವ ಒಂದನ್ನೂ ಬಾಯಿಗಿಡಲಿಲ್ಲ.

ಮಂದೆ ಕೆಳಗಿಳಿಯುವ ದಿನ, ಕಣಿವೆದಾರಿಯ ಖಾಲಿ ಗುಡಿಸಲಿನ ತೊಲೆಗೆ ಆ ಚೀಲವನ್ನೇ ತೂಗುಹಾಕಿದಳು. ಹಿಮದಲ್ಲಿ ಸಿಕ್ಕಿಬಿದ್ದವರಿಗೆಂದು ಏನಾದರೂ ಇಟ್ಟುಹೋಗುವುದು ಅವರ ಗುಂಪಿನ ವಾಡಿಕೆ.

ಕಾಲಿಪಾಳ ಕಣ್ಣು ತುಂಬಿತು. “ರುಚಿಯನ್ನೂ ನೋಡಲಿಲ್ಲ. ನಿಮ್ಮದನ್ನೇ ಇಡಬಹುದಿತ್ತಲ್ಲ?”

“ಇಡಬಹುದಿತ್ತು,” ಎಂದಳು ಅವ್ವ, ಕುದುರೆ ಹತ್ತುತ್ತ.

ಚಳಿಗಾಲವಿಡೀ ಶಿಷ್ಯೆ ಮುಖ ಊದಿಸಿಕೊಂಡಿದ್ದಳು. ಆ ವರ್ಷ ಹಿಮವೂ ವಿಪರೀತ ಬಿತ್ತು.

ಹುಲ್ಲು ಚಿಗುರಿ ಮಂದೆ ಮತ್ತೆ ಮೇಲೇರಿದಾಗ ಅವಳು ಎಲ್ಲರಿಗಿಂತ ಮೊದಲು ಗುಡಿಸಲಿಗೆ ನುಗ್ಗಿದಳು. ಚೀಲ ತುಂಬಿಕೊಂಡೇ ತೂಗುತ್ತಿತ್ತು. ಯಾರೂ ಮುಟ್ಟಿಲ್ಲವೆಂದುಕೊಂಡು ಬಿಚ್ಚಿದರೆ, ಒಳಗಿದ್ದುದು ಹುರಿದ ಬಾರ್ಲಿ ಹಿಟ್ಟು. ಇನ್ನೂ ಘಮ ಹೋಗಿರಲಿಲ್ಲ.

“ಅವ್ವ, ನನ್ನ ಕುರುತ್ ಒಂದೂ ಇಲ್ಲ. ಯಾರೋ ಹಿಟ್ಟು ತುಂಬಿಸಿಟ್ಟಿದ್ದಾರೆ.”

“ಯಾರೋ ಅದನ್ನ ತಿಂದು, ಬದುಕಿ ಮನೆ ಸೇರಿ, ಹಿಟ್ಟು ಹುರಿದುಕೊಂಡು ವಾಪಸ್ ಬಂದಿದ್ದಾರೆ.”

ಕಾಲಿಪಾ ಒಂದು ಚಿಟಿಕೆ ಹಿಟ್ಟು ಬಾಯಿಗಿಟ್ಟಳು. ಆದರೂ ಕೇಳದಿರಲಾಗಲಿಲ್ಲ.

“ಹಾಗಾದರೆ ಚೆನ್ನಾಗಿತ್ತಾ?”

ಅವ್ವ ಚೀಲದ ಬಾಯಿ ಕಟ್ಟಿ ಮತ್ತೆ ತೊಲೆಗೆ ತೂಗುಹಾಕಿದಳು.

“ಮುಂದಿನ ಚಳಿಗಾಲಕ್ಕೆ ನಾನು ಕುರುತ್ ಮಾಡಿಕೊಳ್ಳಲ್ಲ ಕಣೇ. ನನ್ನ ಪಾಲಿನದೂ ನೀನೇ ಮಾಡು.”