ಮೂರು ತೋಳಿನ ಅಂಗಿ

ಎಳೆಗೂಸುಗಳ ಉಸಿರಿಗೆ ಕುತ್ತು ತರುವ ವೈರಾಣುಗಳ ಮನೆತನವೊಂದಿತ್ತು. ಅಂಗಿ ತಾವೇ ಹೊಲಿದುಕೊಳ್ಳುವುದು, ಹೊಲಿದದ್ದನ್ನು ಮಾತ್ರ ತಿರುಗಿ ನೋಡದಿರುವುದು ಆ ಮನೆಯ ಪದ್ಧತಿ. ಹೀಗಾಗಿ ಒಂದರ ಅಂಗಿಯಂತೆ ಇನ್ನೊಂದರದಿಲ್ಲ. ಕಾಲರು ಬೆನ್ನಿಗೆ, ಗುಂಡಿ ಕಂಕುಳಿಗೆ. ಕಿರಿಯ ವೈರಾಣುವಿನ ಅಂಗಿಗಂತೂ ಮೂರು ತೋಳು.

ಚಳಿ ಬಿದ್ದೊಡನೆ ಅದು ಯಾರದೋ ಸೀನಿನ ಮೇಲೆ ಸವಾರಿ ಮಾಡಿ, ಆಗಷ್ಟೇ ಮಗುಚಲು ಕಲಿತ ಸಿರಿಗೌರಿಯ ಮೂಗಿನಲ್ಲಿ ಇಳಿಯಿತು. ಅಲ್ಲಿ ಜೀವಕೋಶದ ಬಾಗಿಲಲ್ಲಿ, ರೋಗಾಣು ಹಿಡಿಯುವ ಪ್ರತಿಕಾಯದಜ್ಜಿ ಕಾವಲು ಕೂತಿದ್ದಳು. ಕೂಸು ಹೊಟ್ಟೆಯಲ್ಲಿದ್ದಾಗಲೇ ತಾಯಿ ತನ್ನ ರಕ್ತದಿಂದ ಜೊತೆ ಮಾಡಿ ಕಳಿಸಿದವಳು.

"ಅಜ್ಜಿ, ಇವಳ ತಾಯಿಯನ್ನು ಕಾಡಿದವನ ಅಂಗಿ ನೀವು ಕಂಡವರು. ನನ್ನದನ್ನೂ ನೋಡಿ. ಏನಾದರೂ ಹೋಲಿಕೆಯಿದೆಯೇ?" ಎಂದು ವೈರಾಣು ಗಿರಗಿರನೆ ತಿರುಗಿತು.

"ಇಲ್ಲಪ್ಪ. ಇನ್ನೊಂದು ಸುತ್ತು ಬಾ."

ಅಜ್ಜಿ ಚಪ್ಪಾಳೆ ತಟ್ಟಿದಳು. ವೈರಾಣು ಮೂರೂ ತೋಳು ಬೀಸಿ ಕುಣಿಯಿತು.

"ಹಾಗಾದರೆ ಒಳಗೆ ಹೋಗಲೇ?"

"ಧಾರಾಳವಾಗಿ. ಬಾಗಿಲು ತೆಗೆದು ಹೋಗು."

ವೈರಾಣು ಹಿಗ್ಗಿ ಸೊಂಟದಿಂದ ಬೀಗದ ಕೈ ಎಳೆಯಿತು. ಅಜ್ಜಿ ಅದರ ಮಣಿಕಟ್ಟನ್ನು ಗಪ್ಪನೆ ಹಿಡಿದಳು.

"ಅಂಗಿ ನೋಡುವುದನ್ನು ನಾನು ಎಂದೋ ಬಿಟ್ಟೆ. ಈ ಬೀಗದ ಕೈ ಮಾತ್ರ ನಿನ್ನ ಮುತ್ತಜ್ಜನದೇ."

"ಇದನ್ನು ಬದಲಿಸಿದರೆ ಬಾಗಿಲೇ ತೆರೆಯುವುದಿಲ್ಲವಲ್ಲ, ಅಜ್ಜಿ," ಎಂದು ವೈರಾಣು ಗೋಳಾಡಿತು.

"ಗೊತ್ತಪ್ಪ. ಅದಕ್ಕೇ ಬಾಗಿಲು ತೆಗೆ ಅಂದೆ."

ಸಿರಿಗೌರಿ ಸೀನಿದಳು. ವೈರಾಣು ಮೂರು ತೋಳಿನ ಅಂಗಿಯ ಸಮೇತ ಹೊರಗೆ ಬಿತ್ತು.